ಹತ್ತಿಯ ಹುಳವೂ ನಾವು ಒಗೆದ ಸಣ್ಣ ಪಾಕೀಟೂ



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊಗಳಿಕೆ ಮಾತು ಹಿರಿಯರು ಆಡಿದ್ದಾರೆ. ನಾವು ನಮ್ಮದೇ ತಪ್ಪೊಂದನ್ನು ಹೇಳ್ತೀವಿ.

ಸಂಘ ಶುರುವಾದಾಗ ಕಾಯಿಕೊರಕ ಹುಳ ನಮ್ಮನ್ನು ಹೈರಾಣ ಮಾಡಿತ್ತು. ಎಷ್ಟು ಎಣ್ಣಿ ಹೊಡೆದರೂ ಸಾಯ್ತಿರಲಿಲ್ಲ. ಸಂಘದ ಸಾಲವೆಲ್ಲ ಔಷಧಿಗೇ ಹೋಗ್ತಿತ್ತು. 2002ರಲ್ಲಿ ಕೇಂದ್ರ ಸರ್ಕಾರ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣುವಿನ ವಂಶವಾಹಿಯನ್ನು ಹತ್ತಿಗೆ ಸೇರಿಸಿದ ತಳಿ ಅದು. ಗಿಡ ಕಡಿದ ಹುಳದ ಕರುಳು ಕೆಟ್ಟು ಸಾಯ್ತದೆ. 2006ರಲ್ಲಿ ಎರಡು ವಂಶವಾಹಿಯ ಬೀಜವೂ ಬಂತು. ರಸ ಹೀರುವ ಕೀಟಕ್ಕೆ ಎಣ್ಣಿ ತಪ್ಪಲಿಲ್ಲ. ಆದರೂ ಕಾಯಿಕೊರಕದ ಖರ್ಚು ಇಳಿದು ನಾಲ್ಕು ಕಾಸು ಕಂಡೆವು.

450 ಗ್ರಾಂ ಬೀಜದ ಜೋಡಿ 120 ಗ್ರಾಂನ ಸಣ್ಣ ಪಾಕೀಟು ಬರ್ತಿತ್ತು. ಬಿಟಿ ಅಲ್ಲದ ಆ ಬೀಜವನ್ನು ಹೊಲದ ಸುತ್ತ ಬಿತ್ತಬೇಕಿತ್ತು. "ಹುಳಕ್ಕೆ ಮೇವು ಯಾಕೆ ಬೆಳೀಬೇಕು?" ಅಂತ ನಕ್ಕು ಒಡ್ಡಿಗೆ ಒಗೆದೆವು. ಬಿಟಿ ತಿಂದೂ ಬದುಕಿದ ಪತಂಗ, ಸಾದಾ ಹತ್ತಿಯಲ್ಲಿ ಬೆಳೆದ ಪತಂಗದ ಜೋಡಿ ಕೂಡಿದರೆ, ಮರಿಗಳು ಬಿಟಿಗೆ ಬಗ್ಗುತ್ತವೆ ಅನ್ನೋ ಲೆಕ್ಕ ನಮಗೆ ತಿಳೀಲಿಲ್ಲ.

2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲಿನ ಬಿಟಿಯನ್ನು ಜೀರ್ಣಿಸಿಕೊಂಡಿತ್ತು. ಮುಂದೆ ಎರಡು ವಂಶವಾಹಿಯ ಬೀಜಕ್ಕೂ ಬಗ್ಗಲಿಲ್ಲ. 2015ರಲ್ಲಿ ನಮ್ಮ ರಾಯಚೂರು ಕಡೆಯೂ ಹತ್ತಿ ತಿಂದಿತು. ಕಾಯೊಳಗೆ ಕೂತ ಹುಳಕ್ಕೆ ಎಣ್ಣಿ ಮುಟ್ಟೋದಿಲ್ಲ.

ಇಷ್ಟಾದರೂ ಬುದ್ಧಿ ಬಂತೇ? ಹೋದ ವರ್ಷ ಇನ್ನೊಂದು ಸಲ ಬಿಡಿಸುವ ಆಸೆಗೆ ಫೆಬ್ರುವರಿ ತನಕ ಹೊಲಕ್ಕೆ ನೀರು ಕಟ್ಟಿದೆವು. ಹತ್ತಿ ಕಟಗಿಯನ್ನು ಹಿತ್ತಲಲ್ಲಿ ಒಟ್ಟಿದೆವು. ಹುಳ ಅದರಲ್ಲೇ ಉಳೀತು. ಈ ವರ್ಷ ಪಕ್ಕದ ಹೊಲದ ತಮ್ಮನಂಥವರು ಬಂದು ಕೊಳೆತ ಕಾಯಿ ತೋರಿಸಿದಾಗ ತಲೆ ಎತ್ತಲಿಲ್ಲ. ನಿರ್ದೇಶಕರಾಗಿ ನಾವೇ ಹೀಗೆ ಮಾಡಿದರೆ ಯಾರಿಗೆ ಹೇಳೋಣ?

ಗುಲಾಬಿ ಹುಳಕ್ಕೆ ಹತ್ತಿಯೇ ಮುಖ್ಯ ಊಟ. ಡಿಸೆಂಬರಿಗೆ ಬೆಳೆ ಮುಗಿಸಿ ಗಿಡ ಕಿತ್ತರೆ ಅದಕ್ಕೆ ಉಪವಾಸ. ಕಟಗಿ ಒಟ್ಟಬಾರದು, ಪುಡಿ ಮಾಡಿ ಗೊಬ್ಬರಕ್ಕೆ ಹಾಕಬೇಕು. ಪತಂಗ ಬಂದದ್ದು ತಿಳಿಯಲು ಮೋಹಕ ಬಲೆ ಕಟ್ಟಬೇಕು. ಇದು ಒಬ್ಬರಿಂದ ಆಗೋದಲ್ಲ, ಪತಂಗಕ್ಕೆ ಸರ್ವೆ ನಂಬರು ಗೊತ್ತಿಲ್ಲ. ಸಾಲ ಕೊಡುವುದಷ್ಟೇ ಸಹಕಾರ ಅಲ್ಲ. ಗಿಡ ಕೀಳಲು ಊರಿಗೆಲ್ಲ ಒಂದೇ ತಾರೀಖು ಗೊತ್ತು ಮಾಡೋಣ. ಮೊದಲು ನಮ್ಮ ಹೊಲದ್ದೇ ಕೀಳ್ತೀವಿ ಎಂದು ಈ ಸಭೆಯ ಮುಂದೆ ಮಾತು ಕೊಡ್ತೀವಿ.

ಜೈ ಸಹಕಾರ.