ತಾರೀಕು ಕೊಡುವುದೂ ಶುಶ್ರೂಷೆಯೇ



ಹೊರರೋಗಿ ವಿಭಾಗದ ಫೋನಿನ ಮುಂದೆ ಬಹಳ ವರ್ಷ ಕೂತವಳು ನಾನು. ಆ ಕುರ್ಚಿಯ ಬಗ್ಗೆ ನಮ್ಮ ಶುಶ್ರೂಷಾಧಿಕಾರಿಗಳಲ್ಲೇ ಇರುವ ಅಸಡ್ಡೆ ಹೋಗಬೇಕೆಂಬ ಆಸೆಯಿಂದ ಈ ಆಶಯ ಭಾಷಣಕ್ಕೆ ಒಪ್ಪಿಕೊಂಡೆ. ಸೊಂಟ ನೋವಿರುವವರನ್ನು, ಬಸುರಿಯರನ್ನು, ನಿವೃತ್ತಿಗೆ ಹತ್ತಿರವಾದವರನ್ನು 'ಲೈಟ್ ಡ್ಯೂಟಿ' ಎಂದು ಅಲ್ಲಿ ಕೂರಿಸುವ ರೂಢಿ ಹಲವು ಕಡೆ ಇದೆ. ವಾರ್ಡಿನಲ್ಲಿ ಜನ ಸಾಲದಿದ್ದರೆ ಮೊದಲು ಖಾಲಿಯಾಗುವುದೂ ಅದೇ ಕುರ್ಚಿ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಯಾರಿಗೆ ಸೋಮವಾರ ಬನ್ನಿ, ಯಾರಿಗೆ ಇವತ್ತೇ ಬನ್ನಿ, ಯಾರಿಗೆ ಈಗಲೇ 108ಕ್ಕೆ ಕರೆ ಮಾಡಿ ಎನ್ನುವುದು ಆ ರೋಗಿಯ ಬಗ್ಗೆ ಆಸ್ಪತ್ರೆ ತೆಗೆದುಕೊಳ್ಳುವ ಮೊದಲ ವೈದ್ಯಕೀಯ ತೀರ್ಮಾನ. ಅದನ್ನು ತೆಗೆದುಕೊಳ್ಳುವವರು ನಾವು.

ಒಂದು ಕರೆಯನ್ನು ಬಿಡಿಸಿ ನೋಡೋಣ. ಮಳೆಗಾಲ, ಡೆಂಗಿ ಜೋರಾಗಿರುವ ವಾರ. ಬೆಳಿಗ್ಗೆಯಿಂದ ಲೈನಿಗೆ ಬಿಡುವಿಲ್ಲ. ತಾಯಿಯೊಬ್ಬರು ಹೇಳುತ್ತಾರೆ: "ಸಿಸ್ಟರ್, ಮಗನಿಗೆ ಜ್ವರ ಬಿಟ್ಟಿದೆ. ನಾಳೆ ತೋರಿಸಬೇಕಿತ್ತು, ಕ್ಯಾನ್ಸಲ್ ಮಾಡಿಬಿಡಿ." ಕಂಪ್ಯೂಟರಿನಲ್ಲಿ ಆ ಹೆಸರು ತೆಗೆಯಲು ಅರೆಕ್ಷಣ ಸಾಕು. ಕಾಯುತ್ತಿರುವ ಇನ್ನೊಬ್ಬರಿಗೆ ಜಾಗವೂ ಸಿಗುತ್ತದೆ. ಆದರೆ ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಮೈ ತಣ್ಣಗಾಗುತ್ತಿದ್ದಂತೆ, ಕೆಲವರಲ್ಲಿ ರಕ್ತನಾಳಗಳಿಂದ ದ್ರವ ಹೊರಗೆ ಸೋರಲು ಶುರುವಾಗುತ್ತದೆ. ಮುಂದಿನ 24ರಿಂದ 48 ಗಂಟೆ ಕಣ್ಣಿಟ್ಟು ಕಾಯಬೇಕಾದ ಸಮಯ. ಇದನ್ನು ಬಲ್ಲ ನರ್ಸ್ ಹೆಸರು ತೆಗೆಯುವ ಮೊದಲು ಕೇಳುತ್ತಾಳೆ: ಜ್ವರ ಬಂದು ಎಷ್ಟು ದಿನವಾಯಿತು? ಹೊಟ್ಟೆ ನೋವು ಎನ್ನುತ್ತಾನಾ? ಎಷ್ಟು ಸಲ ವಾಂತಿಯಾಯಿತು? ಒಸಡಿನಲ್ಲಿ, ಮೂಗಿನಲ್ಲಿ ರಕ್ತ ಕಂಡಿತಾ? ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತು? ಆಡುತ್ತಿದ್ದಾನಾ, ಮಂಕಾಗಿ ಮಲಗಿದ್ದಾನಾ? "ನಿನ್ನೆ ರಾತ್ರಿ ಹೋಗಿದ್ದಷ್ಟೇ ಸಿಸ್ಟರ್, ಬೆಳಿಗ್ಗೆಯಿಂದ ಹೋಗಿಲ್ಲ" ಎಂಬ ಉತ್ತರ ಬಂದರೆ ನಾಳೆಯ ತಾರೀಕೂ ತಡವೇ. ಮಗು ಈಗಲೇ ಹೊರಟು ಬರಬೇಕು.

ಈ ಆರು ಪ್ರಶ್ನೆಗಳಿಗೆ ಎರಡು ನಿಮಿಷ ಹಿಡಿಯುತ್ತದೆ. ಗಂಟೆಗೆ ಎಷ್ಟು ಕರೆ ಮುಗಿಸಿದಿರಿ ಎಂದು ಮಾತ್ರ ಲೆಕ್ಕ ಕೇಳುವ ಆಡಳಿತದಲ್ಲಿ ಆ ಎರಡು ನಿಮಿಷ ದುಬಾರಿಯಾಗಿ ಕಾಣುತ್ತದೆ. ಇಂಥ ಲೆಕ್ಕವನ್ನು ನಾವು ಒಪ್ಪಬಾರದು.

ಪಾರ್ಶ್ವವಾಯುವಿನ ಕರೆಯೂ ಹೀಗೆಯೇ ತಾರೀಕಿನ ವೇಷದಲ್ಲಿ ಬರುತ್ತದೆ. "ಅಪ್ಪನ ಬಾಯಿ ಒಂದು ಕಡೆ ಸೊಟ್ಟಗಾಗಿದೆ, ನ್ಯೂರೋ ಡಾಕ್ಟರು ಯಾವ ದಿನ ಸಿಗ್ತಾರೆ?" ಇಲ್ಲಿ ಕೇಳಬೇಕಾದ ಪ್ರಶ್ನೆ, ಅವರು ಸರಿಯಾಗಿದ್ದುದನ್ನು ಕೊನೆಯ ಸಲ ಎಷ್ಟು ಗಂಟೆಗೆ ನೋಡಿದಿರಿ ಎಂಬುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸುಮಾರು 4.5 ಗಂಟೆ. ಹೊಟ್ಟೆಯಲ್ಲಿ ಮಗು ಬೆಳಿಗ್ಗೆಯಿಂದ ಅಲ್ಲಾಡುತ್ತಿಲ್ಲ ಎನ್ನುವ ಗರ್ಭಿಣಿಗೂ, ಗ್ಯಾಸ್ಟ್ರಿಕ್ ಇರಬೇಕು ಎನ್ನುತ್ತಲೇ ಎಡಗೈ ಸೆಳೆತದ ಬಗ್ಗೆ ಹೇಳುವ ಮಧುಮೇಹಿಗೂ ಮುಂದಿನ ವಾರದ ತಾರೀಕು ಕೊಡಲಾಗದು.

ನಮ್ಮಲ್ಲಿ ಕರೆ ಮಾಡುವವರು ಬಹಳ ಸಲ ರೋಗಿಯೇ ಅಲ್ಲ. ತಾಯಿ ಹಾಸನದ ಹಳ್ಳಿಯಲ್ಲಿ, ಮಗ ಬೆಂಗಳೂರಿನ ಕಚೇರಿಯಲ್ಲಿ. ಅವನು ಹೇಳುವುದು ತಾಯಿ ಅವನಿಗೆ ಹೇಳಿದಷ್ಟನ್ನು. ಮಗನಿಗೆ ಗಾಬರಿಯಾಗಬಾರದೆಂದು ಆಕೆ ಅರ್ಧ ನುಂಗಿರುತ್ತಾರೆ. ಬಿಳಿಸೆರಗು, ರಕ್ತಸ್ರಾವದಂಥ ವಿಷಯವನ್ನಂತೂ ಬಾಯಿಬಿಟ್ಟಿರುವುದೇ ಇಲ್ಲ. ಆದ್ದರಿಂದ ಸಾಧ್ಯವಾದಾಗಲೆಲ್ಲ "ಅಮ್ಮನ ಜೊತೆ ನಾನೇ ಮಾತಾಡ್ತೀನಿ, ನಂಬರ್ ಕೊಡಿ" ಎನ್ನಬೇಕು. "ಹೇಗಿದೀರಮ್ಮ? ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟುತ್ತಾ?" ಎಂದು ಕೇಳಿದಾಗ ಆಕೆ ಒಂದು ವಾಕ್ಯ ಪೂರ್ತಿ ಹೇಳಲು ಎಷ್ಟು ಸಲ ನಿಲ್ಲುತ್ತಾರೆ ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ನಾಡಿ ಹಿಡಿಯಲಾಗದ ಕಡೆ ಉಸಿರನ್ನು ಕಿವಿಯಿಂದ ಎಣಿಸುವುದು ಕಲಿತು ಬರುವ ವಿದ್ಯೆ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಬರೆದ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿ ಸಣ್ಣಪುಟ್ಟ ನಿರ್ವಹಣೆಗೇ ಮೀಸಲಾದ ಒಂದು ಅಧ್ಯಾಯವಿದೆ. ತಾನಿದ್ದಾಗ ನಡೆಯುವ ಆರೈಕೆ ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡುವುದು ನರ್ಸ್‌ನ ಹೊಣೆ ಎಂದು ಆಕೆ ಅಲ್ಲಿ ವಾದಿಸುತ್ತಾರೆ. ಆಗ ಇನ್ನೂ ಟೆಲಿಫೋನ್ ಹುಟ್ಟಿರಲಿಲ್ಲ. ಆದರೂ ನಮ್ಮ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ಕಂಡಿಲ್ಲ. ಉದಾಹರಣೆಗೆ, ಕಲಬುರಗಿ ಕಡೆಯಿಂದ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ರೋಗಿಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕೋ ಬೇಡವೋ, ಸಕ್ಕರೆ ಮಾತ್ರೆ ಆ ದಿನ ಬೆಳಿಗ್ಗೆ ನುಂಗಬೇಕೋ, ಹಳೆಯ ಸ್ಕ್ಯಾನಿನ ಫಿಲ್ಮ್ ತರಬೇಕೋ ಎಂಬುದನ್ನು ಹಿಂದಿನ ದಿನವೇ ಹೇಳಿದ್ದರೆ ಒಂದೇ ಭೇಟಿಯಲ್ಲಿ ಕೆಲಸ ಮುಗಿಯುತ್ತದೆ. ಹೇಳದಿದ್ದರೆ ಇನ್ನೊಂದು ರಾತ್ರಿಯ ಪ್ರಯಾಣ, ಜೊತೆಗೆ ಬಂದವರ ಕೂಲಿಯೂ ಹೋಯಿತು. ವೈದ್ಯರು ರಜೆ ಹಾಕಿದಾಗ ಸಂಜೆ ಏಳಕ್ಕೆ ಫೋನ್ ಮಾಡಿ ತಿಳಿಸುವುದರಿಂದ ಇಂಥ ರೋಗಿಗಳಿಗೆ ಏನೂ ಪ್ರಯೋಜನವಿಲ್ಲ, ಅಷ್ಟು ಹೊತ್ತಿಗೆ ಅವರು ಬಸ್ಸಿನಲ್ಲಿರುತ್ತಾರೆ. ದೂರದೂರಿನವರ ಪಟ್ಟಿಯನ್ನು ಬೇರೆಯಾಗಿ ಇಟ್ಟುಕೊಂಡು ಮೊದಲು ಅವರಿಗೇ ತಿಳಿಸಬೇಕು.

ಗುಟ್ಟಿನ ವಿಷಯದಲ್ಲಿ ನಾವು ಇನ್ನೂ ಬಿಗಿಯಾಗಬೇಕು. ಫೈಲಿನಲ್ಲಿರುವ ನಂಬರು ಗಂಡನದ್ದೋ ಮೈದುನನದ್ದೋ ಆಗಿರಬಹುದು. "ಎಆರ್‌ಟಿ ಕೇಂದ್ರದಿಂದ ಮಾತಾಡ್ತಿದೀವಿ, ನಾಳೆ ಮಾತ್ರೆಗೆ ಬರಬೇಕು" ಎಂದುಬಿಟ್ಟರೆ ಒಂದು ಸಂಸಾರವೇ ಒಡೆಯಬಹುದು. ಎಚ್‌ಐವಿ ಇರುವವರ ಗುಟ್ಟು ಕಾಪಾಡುವುದು 2017ರ ಕಾಯ್ದೆಯ ಪ್ರಕಾರ ನಮ್ಮ ಕರ್ತವ್ಯ. ಯಾವ ನಂಬರಿಗೆ, ಯಾವ ಹೊತ್ತಿಗೆ, ಏನೆಂದು ಹೇಳಿ ಕರೆ ಮಾಡಲಿ ಎಂದು ರೋಗಿಯನ್ನೇ ಮೊದಲ ಭೇಟಿಯಲ್ಲಿ ಕೇಳಿ ಬರೆದಿಟ್ಟುಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಫೋನಿನ ಕೆಲಸವನ್ನು ವಿದ್ಯೆಯಾಗಿ ಕಂಡವರು ಬೇರೆಡೆ ಇದ್ದಾರೆ. ಅಮೆರಿಕದಲ್ಲಿ ಡೆನ್ವರ್‌ನ ಮಕ್ಕಳ ವೈದ್ಯ ಬಾರ್ಟನ್ ಶ್ಮಿಟ್, ವಯಸ್ಕರಿಗಾಗಿ ಡೇವಿಡ್ ಥಾಮ್ಸನ್ ರೂಪಿಸಿದ ಪ್ರಶ್ನಾವಳಿಗಳನ್ನು ಅಲ್ಲಿನ ನರ್ಸ್‌ಗಳು ದಿನವೂ ಬಳಸುತ್ತಾರೆ. ಬ್ರಿಟನ್ 1998ರಲ್ಲಿ ನರ್ಸ್‌ಗಳೇ ನಡೆಸುವ ಎನ್‌ಎಚ್‌ಎಸ್ ಡೈರೆಕ್ಟ್ ಸಹಾಯವಾಣಿ ಆರಂಭಿಸಿತು. ಮುಂದೆ 111 ಬಂದಾಗ ಮೊದಲ ಕರೆ ತೆಗೆಯುವ ಕೆಲಸ ತರಬೇತಿ ಪಡೆದ ಸಿಬ್ಬಂದಿಗೆ ಹೋಯಿತು, ನರ್ಸ್‌ಗಳು ಅವರ ಹಿಂದೆ ನಿಂತರು. ನಮ್ಮಲ್ಲೂ 2008ರಿಂದ 108 ಇದೆ, 104 ಆರೋಗ್ಯವಾಣಿ ಇದೆ, 2022ರಿಂದ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್‌ನ 14416 ಇದೆ. ಅಲ್ಲಿ ಕೂರುವವರಿಗೆ ತರಬೇತಿ ಸಿಗುತ್ತದೆ, ಕೇಳಬೇಕಾದ ಪ್ರಶ್ನೆಗಳು ಕಣ್ಣೆದುರಿಗಿರುತ್ತವೆ. ಆದರೆ ರೋಗಿ ಹೆಚ್ಚು ನಂಬುವುದು ತಾನು ಹೋಗಿಬರುವ ಆಸ್ಪತ್ರೆಯ ನಂಬರನ್ನು. ಅಲ್ಲಿ ಕೂತ ನಮಗೆ ಒಂದು ಡೈರಿ, ಒಂದು ಪೆನ್ನು ಸಿಕ್ಕರೆ ಹೆಚ್ಚು.

ಆನ್‌ಲೈನ್ ಬುಕಿಂಗ್, ಕ್ಯೂಆರ್ ಟೋಕನ್ ಬಂದಿರುವುದು ಒಳ್ಳೆಯದೇ. ಕೌಂಟರಿನ ಸಾಲು ಕರಗಿದೆ. ಆದರೆ ಮೊದಲು ಒತ್ತಿದವರಿಗೆ ಮೊದಲ ಜಾಗ ಕೊಡುವ ತಂತ್ರಾಂಶಕ್ಕೆ ಯಾರ ಕಾಯಿಲೆ ಕಾಯಬಲ್ಲದು ಎಂಬುದು ತಿಳಿಯದು. ದಿನಕ್ಕೆ ಕೆಲವು ಜಾಗಗಳನ್ನು ನರ್ಸ್‌ನ ವಿವೇಚನೆಗೆ ಬಿಡಿ ಎಂದು ಆಡಳಿತ ಮಂಡಳಿಗಳನ್ನು ಒತ್ತಾಯಿಸುತ್ತೇನೆ.

ಮಿತಿಯನ್ನೂ ಹೇಳಬೇಕು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನರ್ಸ್ ರೋಗಿ ಮತ್ತು ವೈದ್ಯರ ನಡುವೆ ನೆರವಾಗಬಹುದು, ಔಷಧಿ ಬರೆಯುವವರು ವೈದ್ಯರೇ. ಫೋನಿನಲ್ಲಿ ವೈದ್ಯರು ಹೇಳಿದ ಪ್ರಮಾಣವನ್ನು ಬರೆದುಕೊಂಡು, ತಿರುಗಿ ಓದಿ ಹೇಳಿ, ಹೌದೆನಿಸಿಕೊಂಡ ಮೇಲೆಯೇ ರೋಗಿಗೆ ತಿಳಿಸಬೇಕು. ಕರೆಯ ವೇಳೆ, ಕೇಳಿದ್ದು, ಹೇಳಿದ್ದು ಕೇಸ್ ಶೀಟಿಗೆ ಸೇರಬೇಕು. ಹೀಗೆ ಬರೆದಿಟ್ಟದ್ದು ರೋಗಿಯನ್ನೂ ಕಾಯುತ್ತದೆ, ನಮ್ಮನ್ನೂ ಕಾಯುತ್ತದೆ.

ಮಧ್ಯಾಹ್ನದ ಗೋಷ್ಠಿಗಳಲ್ಲಿ ಜ್ವರ, ಎದೆನೋವು, ಗರ್ಭಿಣಿಯರ ಕರೆ ಈ ಮೂರಕ್ಕೆ ಕನ್ನಡದಲ್ಲೇ ಪ್ರಶ್ನಾವಳಿಯ ಕರಡು ತಯಾರಾಗಬೇಕೆಂಬುದು ನನ್ನ ಕೋರಿಕೆ. ಬೀದರಿನವರೂ ಮಂಗಳೂರಿನವರೂ ಒಂದೇ ಗುಂಪಿನಲ್ಲಿ ಕೂರಿ, ಏಕೆಂದರೆ ಸುಸ್ತು, ಸಂಕಟಗಳನ್ನು ಹೇಳುವ ಬಗೆ ಜಿಲ್ಲೆಗೊಂದು ತರ. ಕರಡನ್ನು ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ತಿದ್ದಲಿ, ಆಮೇಲೆ ನಿಮ್ಮ ನಿಮ್ಮ ಆಸ್ಪತ್ರೆಯಲ್ಲಿ ಒಂದು ತಿಂಗಳು ಬಳಸಿ ನೋಡಿ. ಎಲ್ಲಿ ಎಡವಿತು ಎಂಬುದನ್ನು ಕರೆಯ ವಿವರದೊಂದಿಗೆ, ರೋಗಿಯ ಹೆಸರು ತೆಗೆದು, ಸಂಘಟಕರಿಗೆ ಬರೆದು ಕಳಿಸಿ.