ಮೋಟಾರ್‌ಸೈಕಲ್ಲಿನ ಪಾದಫಲಕ

1965ರಲ್ಲಿ ಹೊರಬಂದ ಹಾರ್ಲೆ-ಡೇವಿಡ್‌ಸನ್ ಎಲೆಕ್ಟ್ರಾ ಗ್ಲೈಡ್‌ನಂಥ ದೂರಪ್ರಯಾಣದ ಗಾಡಿಗಳಲ್ಲಿ ಕಾಲಿಡಲು ಗೂಟದ ಬದಲು ಅಗಲವಾದ ಹಲಗೆಯಿರುತ್ತದೆ. ನಾನು ಪಾದಫಲಕವೆಂದರೆ ಮೆಕ್ಯಾನಿಕ್ಕುಗಳು ನಗುತ್ತಾರೆ. ಅವರಿಗೆ ಅದು ಫುಟ್‌ಬೋರ್ಡ್. ಅದನ್ನು ಎತ್ತರಿಸಲು ಅಡಿಯಲ್ಲಿ ಕೊಡುವ ಲೋಹದ ತುಂಡೇ ಸ್ಪೇಸರ್.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥ ಗಾಡಿಯಲ್ಲಿ ಬೆಂಗಳೂರಿನಿಂದ ಕಾರವಾರಕ್ಕೆ ಹೋಗಿಬಂದು, "ಮೇಷ್ಟ್ರೇ, ಮಂಡಿ ಮಡಿಸಲಾರೆ" ಎಂದ. ಆರಡಿಯ ಆಳು. ಸುಖವಾಗಿರುತ್ತದೆಂದು ಯಾರೋ ಹೇಳಿದರೆಂದು ಒಂದಂಗುಲದ ಸ್ಪೇಸರ್ ಹಾಕಿಸಿದ್ದ! ಗಿಡ್ಡ ಕಾಲಿನವರಿಗೆ ಆಸರೆಯಾಗುವ ಎತ್ತರವೇ ಉದ್ದಗಾಲಿನವನ ಮಂಡಿಯನ್ನು ಇನ್ನಷ್ಟು ಮಡಿಸುತ್ತದೆ. ಆಸನ ಏರದೆ ಹಲಗೆ ಮಾತ್ರ ಏರಿದರೆ ಮತ್ತೇನಾದೀತು?

ಕೊಳ್ಳುವ ಮೊದಲು, ನಿಲ್ಲಿಸಿದ ಗಾಡಿಯ ಮೇಲೆ ಕುಳಿತು ಪಾದದಡಿ ಅರ್ಧ ಅಂಗುಲದ ಮರದ ಪಟ್ಟಿಯಿಟ್ಟು ನೋಡಿ. (ಪುಸ್ತಕ ಬೇಡ, ಕಾಲಡಿಯಲ್ಲಿ ಸರಸ್ವತಿಯನ್ನಿಡಲು ನಾನು ಹೇಳಲಾರೆ.) ಕಾಲುಗಂಟೆಯಾದರೂ ಕೂತಿರಿ, ಎರಡು ನಿಮಿಷದಲ್ಲಿ ಮಂಡಿ ನಿಜ ಹೇಳುವುದಿಲ್ಲ.

ಹಲಗೆ ಏರಿದರೂ ಗೇರಿನ ಮೆಟ್ಟು, ಬ್ರೇಕಿನ ಮೆಟ್ಟು ಇದ್ದಲ್ಲಿಯೇ ಇರುತ್ತವೆಂಬುದನ್ನು ಹಲವರು ಮರೆಯುತ್ತಾರೆ. ಬ್ರೇಕನ್ನು ಪಾದ ಹುಡುಕಬೇಕಾಗಿ ಬಂದರೆ ಸುಖದ ಮಾತೇಕೆ, ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಮೆಟ್ಟುಗಳನ್ನೂ ಹೊಂದಿಸಿಕೊಳ್ಳಬೇಕು. ಬೋಲ್ಟನ್ನೂ ಸ್ಪೇಸರಿನ ದಪ್ಪದಷ್ಟು ಉದ್ದವಾದದ್ದನ್ನೇ ಹಾಕಿಸಬೇಕು. ನಾಲ್ಕು ಸುತ್ತಿನ ಮರೆ ಮಾತ್ರ ಹಿಡಿದ ಬೋಲ್ಟು ಅದುರಿಗೆ ಸಡಿಲವಾದೀತು. ಹಲಗೆಯನ್ನು ತಗ್ಗಿಸುವವರಿಗೆ ಬೇರೆ ಎಚ್ಚರ: ತಿರುವಿನಲ್ಲಿ ಗಾಡಿ ವಾಲಿದಾಗ ಅದು ಬೇಗ ನೆಲಕ್ಕೆ ಉಜ್ಜುತ್ತದೆ.

ನನ್ನ ಶಿಷ್ಯ ಸ್ಪೇಸರ್ ತೆಗೆಸಿ, ಆಸನದ ಮೆತ್ತೆಯನ್ನು ಒಂದಂಗುಲ ದಪ್ಪಮಾಡಿಸಿದ. ಮೊನ್ನೆ ಆಗುಂಬೆಯ ಘಾಟಿ ಇಳಿದು ಉಡುಪಿಯವರೆಗೂ ಹೋಗಿ ಬಂದವನು ನಮ್ಮ ಮನೆಯ ಮೆಟ್ಟಿಲುಗಳನ್ನು ಕಂಬಿ ಹಿಡಿಯದೆ ಹತ್ತಿದ.