ಕಂಪ್ಯೂಟರಿಗೂ ಯಂತ್ರಕ್ಕೂ ನಡುವೆ ಒಂದು ಪುಟ್ಟ ಬೋರ್ಡು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ. ಈ ಸಂದರ್ಭದಲ್ಲಿ ನನ್ನ ಕೆಲಸದ ಬಗ್ಗೆ ಮಕ್ಕಳಿಗೆ ಅರ್ಥವಾಗುವ ಹಾಗೆ ನಾಲ್ಕು ಮಾತಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ನಾನು ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಕೆಲಸ. ಅದನ್ನು ಕೈಯಲ್ಲಿ ಹಿಡಿದು ತೋರಿಸುವುದಕ್ಕೆ ಆಗುವುದಿಲ್ಲ. ಆದ್ದರಿಂದ ಭಾನುವಾರಗಳಲ್ಲಿ ಕೂತು ಮಾಡಿದ ಒಂದು ವಸ್ತುವನ್ನು ತಂದಿದ್ದೇನೆ. ಅಂಗೈಯಗಲದ ಈ ಹಸಿರು ಬೋರ್ಡು. ಒಂದು ತುದಿಗೆ ಕಂಪ್ಯೂಟರಿನ ಕೇಬಲ್, ಇನ್ನೊಂದು ತುದಿಗೆ ಮರ ಕೆತ್ತುವ ಯಂತ್ರ. ನಡುವೆ ನಿಂತು ಮಾತುಕತೆ ನಡೆಸುವುದು ಇದರ ಕೆಲಸ.

ಸಿಎನ್‌ಸಿ ಎಂಬ ಮಾತನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅಂಕಿಗಳ ಆದೇಶದಂತೆ ಕಂಪ್ಯೂಟರ್ ನಡೆಸುವ ಯಂತ್ರ ಎಂದು ಅರ್ಥ. 1952ರಲ್ಲಿ, ಅಮೆರಿಕದ ಎಂಐಟಿಯಲ್ಲಿ ತೂತು ಹೊಡೆದ ಪಟ್ಟಿಯಲ್ಲಿನ ಆದೇಶಗಳಂತೆ ಲೋಹ ಕೊರೆಯುವ ಯಂತ್ರವನ್ನು ನಡೆಸಿ ತೋರಿಸಿದ್ದರು. ಇಂದು ಅದೇ ತತ್ವದ ಸಣ್ಣ ಯಂತ್ರಗಳು ಮೇಜಿನ ಮೇಲೆ ಕೂರುವಷ್ಟಾಗಿವೆ. ಎಡಬಲಕ್ಕೊಂದು, ಹಿಂದೆಮುಂದಕ್ಕೊಂದು, ಮೇಲೆಕೆಳಕ್ಕೊಂದು, ಹೀಗೆ ಮೂರು ಮೋಟಾರು. ತುದಿಯಲ್ಲಿ ನಿಮಿಷಕ್ಕೆ ಹತ್ತಿಪ್ಪತ್ತು ಸಾವಿರ ಸುತ್ತು ತಿರುಗುವ ಕೊರೆಯುವ ಬಿಟ್ಟು.

ಇಂಥದೊಂದು ಯಂತ್ರವನ್ನು ನನ್ನ ಬ್ಯಾಚಿನ ಗೆಳೆಯನೊಬ್ಬ ಕಟ್ಟಿಕೊಂಡಿದ್ದ. ಎಸ್ಸೆಸ್ಸೆಲ್ಸಿ ಮುಗಿಸಿ ತಂದೆಯ ಜೊತೆ ಮರಗೆಲಸಕ್ಕೆ ಇಳಿದವನು. ಬಾಗಿಲು, ದೇವರ ಮಂಟಪಗಳ ಕೆತ್ತನೆಗೆ ಅವನು ಹೆಸರುವಾಸಿ. ಯಂತ್ರದ ಚೌಕಟ್ಟು, ಸ್ಕ್ರೂ, ಬೇರಿಂಗು ಎಲ್ಲ ಅವನದೇ ಕೈಯಲ್ಲಿ ಚೆನ್ನಾಗಿ ಕೂತಿದ್ದವು. ಕಂಪ್ಯೂಟರಿಗೆ ಜೋಡಿಸಲು ಮಾತ್ರ ಎಲ್ಲಿಂದಲೋ ಅಗ್ಗದ ರೆಡಿಮೇಡ್ ಬೋರ್ಡು ತರಿಸಿದ್ದ. ಒಂದು ಬೆಳಿಗ್ಗೆ ಬಿಟ್ಟು ಬದಲಿಸಿ ಕೈ ಹಿಂದಕ್ಕೆ ತೆಗೆದ. ಅವನ ಮಗ ಕಂಪ್ಯೂಟರ್ ಆನ್ ಮಾಡಿದ. ಯಾರೂ ಆದೇಶ ಕೊಡದೆ ಬಿಟ್ಟು ಗಿರ್ರನೆ ತಿರುಗಿತು. ಕೈ ಇನ್ನೂ ಅಲ್ಲೇ ಇದ್ದಿದ್ದರೆ ಬೆರಳು ಉಳಿಯುತ್ತಿರಲಿಲ್ಲ.

ನನಗೆ ಫೋನ್ ಬಂತು. ಹೊಸ ಬೋರ್ಡು ಮಾಡೋಣ, ಇನ್ನೂ ವೇಗವಾಗಿ, ಇನ್ನೂ ನುಣುಪಾಗಿ ಓಡುವ ಹಾಗೆ ಮಾಡೋಣ ಎಂದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲ ಸರಿ ಕಣೋ, ಕಂಪ್ಯೂಟರು ಕೈಕೊಟ್ರೆ ನಿನ್ನ ಬೋರ್ಡು ಏನ್ ಮಾಡುತ್ತೆ?"

ಇಂದು ನಾನು ಹೇಳಬೇಕಾದದ್ದೆಲ್ಲ ಈ ಪ್ರಶ್ನೆಗೆ ಉತ್ತರ. ಯಂತ್ರವನ್ನು ಓಡಿಸುವ ಬೋರ್ಡು ಮಾಡುವುದು ಸುಲಭ. ಏನಾದರೂ ತಪ್ಪಿದಾಗ ತಾನಾಗಿ ನಿಲ್ಲಿಸುವ ಬೋರ್ಡು ಮಾಡುವುದಕ್ಕೆ ಯೋಚನೆ ಬೇಕು.

ಮೊದಲು ಓಡಿಸುವ ಕೆಲಸ ನೋಡೋಣ. ಈ ಯಂತ್ರದಲ್ಲಿರುವುದು ಸ್ಟೆಪ್ಪರ್ ಮೋಟಾರು. ಅದು ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಒಂದು ಸುತ್ತಿಗೆ 200 ಹೆಜ್ಜೆ. ಮೋಟಾರಿನ ಡ್ರೈವರ್ ಪ್ರತಿ ಹೆಜ್ಜೆಯನ್ನೂ ಎಂಟು ಪಾಲು ಮಾಡುತ್ತದೆ ಎಂದುಕೊಳ್ಳಿ. ಸುತ್ತಿಗೆ 1,600 ಆಯಿತು. ಒಂದು ಸುತ್ತಿಗೆ ಸ್ಕ್ರೂ 5 ಮಿಲಿಮೀಟರ್ ಮುಂದೆ ತಳ್ಳುತ್ತದೆ. ಅಂದರೆ ಒಂದು ಮಿಲಿಮೀಟರಿಗೆ 320 ಪಲ್ಸ್. ಸೆಕೆಂಡಿಗೆ 25 ಮಿಲಿಮೀಟರ್ ಓಡಬೇಕಾದರೆ 8,000 ಪಲ್ಸ್. ಮೋಟಾರಿಗೆ ಕಣ್ಣಿಲ್ಲ. ಹೆಜ್ಜೆ ತಪ್ಪಿದರೂ ಅದು ಕಂಪ್ಯೂಟರಿಗೆ ಹೇಳುವುದಿಲ್ಲ. ಸಾವಿರ ಪಲ್ಸ್ ಕಳೆದುಹೋದರೆ ಕೆತ್ತನೆ 3 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ತೇಗದ ಹಲಗೆ ಸೌದೆಯಾಗುತ್ತದೆ.

ಈ ಪಲ್ಸುಗಳನ್ನು ಯಾರು ಲೆಕ್ಕ ಹಾಕಿ ಕಳಿಸಬೇಕು? ಗೆಳೆಯನ ಬಳಿ ಹಳೆಯ ಡೆಸ್ಕ್‌ಟಾಪ್ ಇತ್ತು. ಅದರ ಹಿಂದೆ, ಒಂದು ಕಾಲಕ್ಕೆ ಪ್ರಿಂಟರಿಗೆ ಬಳಸುತ್ತಿದ್ದ 25 ಪಿನ್ನಿನ ಪ್ಯಾರಲಲ್ ಪೋರ್ಟ್ ಇತ್ತು. ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಯ ಯೋಜನೆಯಿಂದ ಬೆಳೆದ ಲಿನಕ್ಸ್‌ಸಿಎನ್‌ಸಿ ಎಂಬ ಮುಕ್ತ ತಂತ್ರಾಂಶವನ್ನು ಹಾಕಿದೆವು; ಅದಕ್ಕೆ ದುಡ್ಡು ಕೊಡಬೇಕಿಲ್ಲ. ಪೋರ್ಟಿನಿಂದ ಹೊರಗೆ ಹೋಗುವ ಸಂಕೇತ 12, ಒಳಗೆ ಬರುವುದು 5. ಮೂರು ಮೋಟಾರಿಗೆ ಹೆಜ್ಜೆಗೊಂದು, ದಿಕ್ಕಿಗೊಂದು ಎಂದು ಆರು. ಮೋಟಾರುಗಳನ್ನು ಎಚ್ಚರಿಸಲು ಒಂದು, ಬಿಟ್ಟು ತಿರುಗಿಸಲು ಒಂದು, ಮುಂದೆ ಹೇಳಲಿರುವ ಕಾವಲಿಗೆ ಒಂದು. ಒಟ್ಟು ಒಂಬತ್ತು. ಲ್ಯಾಪ್‌ಟಾಪ್ ಇದ್ದವರಿಗೆ ಬೇರೆ ದಾರಿಯಿದೆ: 2009ರಲ್ಲಿ ಶುರುವಾದ ಜಿಆರ್‌ಬಿಎಲ್ ಎಂಬ ತಂತ್ರಾಂಶವನ್ನು ಆರ್ಡುಯಿನೋ ಬೋರ್ಡಿಗೆ ತುಂಬಿದರೆ, ಯುಎಸ್‌ಬಿಯಲ್ಲಿ ಆದೇಶ ಪಡೆದು ಪಲ್ಸುಗಳ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ.

ಇನ್ನು ತಪ್ಪುವ ಬಗೆಗಳು. ಮೊದಲನೆಯದು ವಿದ್ಯುತ್ತಿನದು. ಕಂಪ್ಯೂಟರ್ ಕಡೆ 5 ವೋಲ್ಟ್, ಕೆಲವು ಸೆಟ್ಟುಗಳಲ್ಲಿ 3.3. ಯಂತ್ರದ ಕಡೆ ಮೋಟಾರಿಗೆ 36 ವೋಲ್ಟ್, ಬಿಟ್ಟಿಗೆ 230. ಎರಡನ್ನೂ ತಂತಿಯಿಂದ ನೇರವಾಗಿ ಕಟ್ಟಿದರೆ, ಅಲ್ಲಿ ಒಂದು ಕಿಡಿ ಹಾರಿದರೆ ಇಲ್ಲಿ ಕಂಪ್ಯೂಟರ್ ಸುಡಬಹುದು. ಅದಕ್ಕೆ ಆಪ್ಟೋಕಪ್ಲರ್ ಎಂಬ ಬಿಡಿಭಾಗವಿದೆ. ಒಳಗೆ ಒಂದು ಪುಟ್ಟ ಎಲ್‌ಇಡಿ. ಅದರ ಎದುರು ಬೆಳಕು ಬಿದ್ದರೆ ಎಚ್ಚರಗೊಳ್ಳುವ ಟ್ರಾನ್ಸಿಸ್ಟರ್. ನಡುವೆ ತಂತಿ ಇಲ್ಲ. ಈ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ: ನಡುವೆ ತಾಮ್ರದ ಒಂದು ಗೆರೆಯೂ ಇಲ್ಲದ ಪಟ್ಟಿ ಕಾಣುತ್ತದೆ. ಆ ಪಟ್ಟಿಯನ್ನು ದಾಟುವುದು ಬೆಳಕು ಮಾತ್ರ. ಎರಡೂ ಕಡೆಗೆ ಬೇರೆ ಬೇರೆ ಸಪ್ಲೈ ಇರಬೇಕು. ಕಂಪ್ಯೂಟರ್ ಕಡೆಗೆ ಅದರದೇ ಯುಎಸ್‌ಬಿಯ 5 ವೋಲ್ಟ್ ಸಾಕು. ಎರಡೂ ಕಡೆಯ ಗ್ರೌಂಡನ್ನು ಸೇರಿಸಿಬಿಟ್ಟರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಹೆಜ್ಜೆಯ ಪಲ್ಸಿಗೆ 6ಎನ್137 ಎಂಬ ಚುರುಕಾದ ಆಪ್ಟೋ, ನಿಧಾನವಾಗಿ ಬದಲಾಗುವ ಸ್ವಿಚ್ಚುಗಳಿಗೆ ಅಗ್ಗದ ಪಿಸಿ817.

ವಿದ್ಯಾರ್ಥಿಗಳೇ, ಈಗ ನಿಮ್ಮ ಪುಸ್ತಕ ತೆಗೆಯಿರಿ. ಸ್ವಿಚ್ಚಿನ ಸಾಲಿಗೆ 12 ವೋಲ್ಟ್ ಕೊಟ್ಟಿದ್ದೇನೆ. ಆಪ್ಟೋದ ಎಲ್‌ಇಡಿ ಸುಮಾರು 1.2 ವೋಲ್ಟ್ ತಿನ್ನುತ್ತದೆ, ಉಳಿದದ್ದು 10.8. ನಮಗೆ ಬೇಕಾದ ಕರೆಂಟು ಸುಮಾರು 10 ಮಿಲಿಆಂಪಿಯರ್. ಭಾಗಿಸಿದರೆ 1,080 ಓಮ್. ಅಂಗಡಿಯಲ್ಲಿ ಸಿಗುವುದು 1,000 ಓಮ್. ಅದನ್ನೇ ಹಾಕಿದರೆ 10.8 ಮಿಲಿಆಂಪಿಯರ್ ಹರಿಯುತ್ತದೆ. ರೋಧಕದಲ್ಲಿ ಹುಟ್ಟುವ ಶಾಖ ಸುಮಾರು 0.12 ವಾಟ್, ಆದ್ದರಿಂದ ಕಾಲು ವಾಟಿನ ರೋಧಕ ಸಾಕು. ನಾನು ಬಿ.ಇ. ಓದಿದ್ದೇನೆ, ಸರಿ. ಆದರೆ ಈ ಲೆಕ್ಕ ನಡೆದದ್ದು ಇದೇ ಶಾಲೆಯ ಹತ್ತನೇ ತರಗತಿಯಲ್ಲಿ ಕಲಿತ ಓಮ್‌ನ ನಿಯಮದಿಂದ.

ಎರಡನೆಯದು, ತಂತಿ ಕಡಿದುಹೋಗುವುದು. ಚೌಕಟ್ಟು ತುದಿ ಮುಟ್ಟಿದಾಗ ತಿಳಿಸಲು ಎರಡೂ ಕೊನೆಗಳಲ್ಲಿ ಲಿಮಿಟ್ ಸ್ವಿಚ್ ಇರುತ್ತದೆ. ಮುಟ್ಟಿದಾಗ ಕರೆಂಟು ಹರಿಯುವ ಹಾಗೆ ಜೋಡಿಸಿದರೆ, ಇಲಿ ತಂತಿ ಕಡಿದ ದಿನ ಬೋರ್ಡಿಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ಉಲ್ಟಾ ಜೋಡಿಸಬೇಕು. ಸದಾ ಕರೆಂಟು ಹರಿಯುತ್ತಿರಲಿ, ಮುಟ್ಟಿದರೆ ಕಡಿಯಲಿ. ಆಗ ತಂತಿ ಹರಿದರೂ, ಕನೆಕ್ಟರ್ ಕಳಚಿದರೂ ಯಂತ್ರ ನಿಲ್ಲುತ್ತದೆ. ಒಂದು ದಿಕ್ಕಿನ ಎರಡೂ ಸ್ವಿಚ್ಚುಗಳನ್ನು ಒಂದೇ ಸರಣಿಯಲ್ಲಿ ಕಟ್ಟಬಹುದು. ಹೀಗೆ ಮೂರು ದಿಕ್ಕಿಗೆ ಮೂರು ಸಾಲು, ಬಿಟ್ಟಿನ ತುದಿ ಎಲ್ಲಿದೆ ಎಂದು ಮುಟ್ಟಿ ನೋಡಲು ಒಂದು, ತುರ್ತು ಗುಂಡಿಯ ಸುದ್ದಿಗೆ ಒಂದು. ಒಳಬರುವ ಐದೂ ಪಿನ್ನುಗಳು ಭರ್ತಿ.

ಮೂರನೆಯದೇ ಗೆಳೆಯನ ಪ್ರಶ್ನೆ: ಕಂಪ್ಯೂಟರು ಕೈಕೊಟ್ಟರೆ? ಕಂಪ್ಯೂಟರ್ ಏಳುವಾಗ ಅದಕ್ಕೆ ಪೋರ್ಟಿನ ಆಚೆ ಪ್ರಿಂಟರ್ ಇದೆಯೋ ಗರಗಸ ಇದೆಯೋ ಗೊತ್ತಿಲ್ಲ. ಪಿನ್ನುಗಳು ಮನಸ್ಸಿಗೆ ಬಂದಂತೆ ಏರಿಳಿಯುತ್ತವೆ. ಆ ಬೆಳಿಗ್ಗೆ ಬಿಟ್ಟು ತಿರುಗಿದ್ದು ಹಾಗೆ. ಕಂಪ್ಯೂಟರ್ ಹ್ಯಾಂಗ್ ಆದರೆ ಇನ್ನೊಂದು ತೊಂದರೆ: 5 ವೋಲ್ಟಿನಲ್ಲಿದ್ದ ಪಿನ್ನು ಅಲ್ಲೇ ಅಂಟಿಕೊಳ್ಳುತ್ತದೆ. ಆದ್ದರಿಂದ ಪಿನ್ನು ಮೇಲಿದೆ ಎಂಬ ಒಂದೇ ಕಾರಣಕ್ಕೆ ಕಂಪ್ಯೂಟರನ್ನು ನಂಬುವಂತಿಲ್ಲ.

ಇದಕ್ಕೆ ಚಾರ್ಜ್ ಪಂಪ್ ಎಂಬ ಕಾವಲು ಇದೆ. ತಳದಲ್ಲಿ ಸಣ್ಣ ತೂತಿರುವ ಕೊಡವನ್ನು ನೆನೆಸಿಕೊಳ್ಳಿ. ಚೊಂಬಿನಿಂದ ಸುರಿಯುತ್ತಲೇ ಇದ್ದರೆ ಕೊಡ ತುಂಬಿರುತ್ತದೆ. ಕೈ ನಿಂತರೆ ಖಾಲಿ. ಹಾಗೆಯೇ ತಂತ್ರಾಂಶ ಒಂದು ಪಿನ್ನನ್ನು ಸೆಕೆಂಡಿಗೆ ಸಾವಿರಾರು ಸಲ ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಬದಲಾಗುವ ವೋಲ್ಟೇಜು ಮಾತ್ರ ಕೆಪಾಸಿಟರನ್ನು ದಾಟುತ್ತದೆ. ಅಂಟಿಕೊಂಡ ವೋಲ್ಟೇಜು ದಾಟದು. ದಾಟಿದ್ದು ಇನ್ನೊಂದು ಕೆಪಾಸಿಟರಿನಲ್ಲಿ ತುಂಬಿ, ಟ್ರಾನ್ಸಿಸ್ಟರ್ ಮೂಲಕ ರಿಲೇಯನ್ನು ಹಿಡಿದಿಡುತ್ತದೆ. ತಂತ್ರಾಂಶ ಸ್ತಬ್ಧವಾದರೆ, ಕೇಬಲ್ ಕಿತ್ತರೆ, ಕಂಪ್ಯೂಟರ್ ಆಫ್ ಆದರೆ ಕ್ಷಣದಲ್ಲಿ ರಿಲೇ ಬಿಡುತ್ತದೆ. ಆ ರಿಲೇ, ಕೆಂಪು ತುರ್ತು ಗುಂಡಿ ಎರಡೂ ಒಂದೇ ಸರಣಿಯಲ್ಲಿ ಕೂತು ದೊಡ್ಡ ಕಾಂಟ್ಯಾಕ್ಟರನ್ನು ಹಿಡಿದಿವೆ. ಎರಡರಲ್ಲಿ ಒಂದು ಬಿಟ್ಟರೂ ಬಿಟ್ಟಿಗೂ ಮೋಟಾರುಗಳಿಗೂ ಕರೆಂಟಿಲ್ಲ. ಕರೆಂಟು ಹೋಗಿ ಬಂದರೂ ತಾನಾಗಿ ಹೊರಡಬಾರದು. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರಿನಂತೆ ಯಾರಾದರೂ ಹಸಿರು ಗುಂಡಿ ಒತ್ತಬೇಕು.

ತುರ್ತು ಗುಂಡಿಯ ವಿಷಯವನ್ನು ಒತ್ತಿ ಹೇಳುತ್ತೇನೆ. ಅದು ಕರೆಂಟನ್ನು ನೇರವಾಗಿ ಕಡಿಯಬೇಕು. 'ಗುಂಡಿ ಒತ್ತಿದರು' ಎಂಬ ಸುದ್ದಿ ಕಂಪ್ಯೂಟರಿಗೆ ಹೋಗಲಿ. ಆದರೆ ಅದರ ಅಪ್ಪಣೆಗೆ ಕಾಯಬಾರದು. ನಾನು ಸಾಫ್ಟ್‌ವೇರ್ ಬರೆದು ಅನ್ನ ತಿನ್ನುವವನು. ಅದಕ್ಕೇ ಹೇಳುತ್ತಿದ್ದೇನೆ, ಬೆರಳಿನ ಜವಾಬ್ದಾರಿಯನ್ನು ಸಾಫ್ಟ್‌ವೇರಿಗೆ ಒಪ್ಪಿಸಬೇಡಿ.

ಬೋರ್ಡಿನ ನಕ್ಷೆಯನ್ನು ಕೀಕ್ಯಾಡ್ ಎಂಬ ಮುಕ್ತ ತಂತ್ರಾಂಶದಲ್ಲಿ ಬಿಡಿಸಿದೆ. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಕ್ಕವು. ಬೋರ್ಡಿನ ಮಟ್ಟಿಗೆ ಎರಡು ಸಾವಿರ ರೂಪಾಯಿ ದಾಟಲಿಲ್ಲ. ಮೊದಲು ಮೋಟಾರು ಜೋಡಿಸದೆ ಎಲ್‌ಇಡಿಗಳನ್ನಷ್ಟೇ ಬೆಳಗಿಸಿ ನೋಡಿದೆವು. ಆಮೇಲೆ ಬಿಟ್ಟು ಕಳಚಿಟ್ಟು, ಯಂತ್ರ ಓಡುವಾಗಲೇ ಕೇಬಲ್ ಕಿತ್ತೆವು, ನಿಂತಿತು. ಕಂಪ್ಯೂಟರಿನ ಪ್ಲಗ್ ಎಳೆದೆವು, ನಿಂತಿತು. ಲಿಮಿಟ್ ಸ್ವಿಚ್ಚಿನ ತಂತಿಯನ್ನು ಗೆಳೆಯ ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದ, ನಿಂತಿತು. ಕೊನೆಗೆ ಹತ್ತು ಸಲ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆವು, ಯಂತ್ರ ಮಿಸುಕಲಿಲ್ಲ. ಏನೂ ಆಗದೆ ಇದ್ದದ್ದನ್ನು ನೋಡಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಆಗ ಅವನು ಕೇಳದೆ ಇದ್ದಿದ್ದರೆ ನಾನು ವೇಗದ ಹಿಂದೆಯೇ ಓಡುತ್ತಿದ್ದೆನೋ ಏನೋ. ಕಾಲೇಜಿನಲ್ಲಿ ಓದಿದವನಿಗೆ ಲೆಕ್ಕ ಗೊತ್ತಿತ್ತು. ದಿನವೂ ಉಳಿಯ ಮುಂದೆ ಕೈ ಇಡುವವನಿಗೆ ಏನು ಕೇಳಬೇಕೆಂದು ಗೊತ್ತಿತ್ತು. ಇಬ್ಬರೂ ಕೂತದ್ದು ಇದೇ ಶಾಲೆಯ ಒಂದೇ ಬೆಂಚಿನ ಮೇಲೆ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವರ ಪ್ರಶ್ನೆಯನ್ನು ಕಡೆಗಣಿಸಬೇಡಿ ಎಂದು ಮುಂದೆ ಇಂಜಿನಿಯರ್ ಆಗಲಿರುವ ಮಕ್ಕಳಿಗೆ ಹೇಳುತ್ತೇನೆ. ಕೈಕೆಲಸಕ್ಕೆ ಇಳಿಯುವವರಿಗೂ ಹೇಳುತ್ತೇನೆ: ಇಂಜಿನಿಯರ್ ಮಾಡಿಕೊಟ್ಟದ್ದನ್ನು ಪ್ರಶ್ನೆ ಕೇಳದೆ ತೆಗೆದುಕೊಳ್ಳಬೇಡಿ.

ಈ ಬೋರ್ಡಿನ ನಕ್ಷೆ, ಒಂದು ಖಾಲಿ ಬೋರ್ಡು ಮತ್ತು ಬಿಡಿಭಾಗಗಳ ಒಂದು ಕಟ್ಟನ್ನು ನಮ್ಮ ವಿಜ್ಞಾನ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ. 5 ಮತ್ತು 12 ವೋಲ್ಟಿನ ಭಾಗವನ್ನು ನೀವೇ ಬೆಸುಗೆ ಹಾಕಿ ನೋಡಿ. 230 ವೋಲ್ಟಿನ ಭಾಗಕ್ಕೆ ಮೇಷ್ಟ್ರು ಪಕ್ಕದಲ್ಲಿಲ್ಲದೆ ಕೈ ಹಾಕಬೇಡಿ. ಅನುಮಾನ ಬಂದರೆ ನನ್ನನ್ನು ಕೇಳಿ. ನನ್ನ ನಂಬರು ಶಾಲೆಯ ಕಚೇರಿಯಲ್ಲಿದೆ.